ಕಟ್ಟು ಕುಡಿಯಬೇಕೋ, ಚೆಲ್ಲಬೇಕೋ?

ಹೋದ ತಿಂಗಳು ಬಿಪಿ ಬಗ್ಗೆ ಬರೆಯುವಾಗ, "ಉಪ್ಪು ಕಡಿಮೆ ಮಾಡಿ, ಪೊಟ್ಯಾಸಿಯಂ ಜಾಸ್ತಿ ಮಾಡಿ" ಅಂತ ಒಂದು ಸಾಲು ಹಾಕಿದ್ದೆ. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ. ಒಬ್ಬರು ಅದನ್ನು ಓದಿ ಔಷಧಿ ಬಿಡಲು ಹೊರಟಿದ್ದಾರೆ. ಇನ್ನೊಬ್ಬರ ಮನೆಯಲ್ಲಿ ಅದೇ ಸಾಲು ಅತ್ತೆ ಸೊಸೆ ಜಗಳಕ್ಕೆ ಕಾರಣವಾಗಿದೆ. ಅರ್ಧ ಮಾತು ಹೇಳಿ ಬಿಟ್ಟಿದ್ದು ನನ್ನ ತಪ್ಪು. ಉಳಿದ ಅರ್ಧ ಈ ಸಲ ಹೇಳುತ್ತೇನೆ.

ಪ್ರಶ್ನೆ: ದಿನಕ್ಕೆ 3500 ಮಿಲಿಗ್ರಾಂ ಪೊಟ್ಯಾಸಿಯಂ ಬೇಕು ಅಂತ ಓದಿದೆ. ಲೆಕ್ಕ ಹಾಕಿದರೆ ಹತ್ತು ಬಾಳೆಹಣ್ಣು ಆಗುತ್ತದೆ. ನಮ್ಮದು ಮುದ್ದೆ ಸಾರಿನ ಮನೆ. ಹಣ್ಣು ತರುವುದು ಸಂತೆ ದಿನ ಮಾತ್ರ. ನಮ್ಮಂಥವರಿಗೆ ಇದೆಲ್ಲಾ ಆಗುವ ಮಾತಾ?
– ಗೃಹಿಣಿ, 46 ವರ್ಷ, ಚನ್ನರಾಯಪಟ್ಟಣ

ಉತ್ತರ: ಆಗುವ ಮಾತೇ ತಾಯಿ. ನಿಮ್ಮ ಮನೆಯಲ್ಲಿ ಅದು ಹೆಚ್ಚುಕಡಿಮೆ ಆಗುತ್ತಲೂ ಇರಬಹುದು, ನಿಮಗೆ ಗೊತ್ತಿಲ್ಲ ಅಷ್ಟೇ.

ನೀವು ಓದಿದ ಅಂಕಿ ಸರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು 3500. ವಿಶ್ವ ಆರೋಗ್ಯ ಸಂಸ್ಥೆಯದು 3510. ಆದರೆ ಈ ಬಾಳೆಹಣ್ಣಿಗೆ ಅದ್ಯಾಕೆ ಇಷ್ಟು ಹೆಸರು ಬಂತೋ! ದೊಡ್ಡ ಪಚ್ಚಬಾಳೆ ಒಂದರಲ್ಲಿ 350ರಿಂದ 400 ಮಿಲಿಗ್ರಾಂ ಇರುತ್ತದೆ. ಏಲಕ್ಕಿ ಬಾಳೆಯಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು, ಅದರ ಗಾತ್ರವೇ ಅಷ್ಟು. ಸಿಪ್ಪೆ ಸುಲಿದು ತಿನ್ನಲು ಸುಲಭ, ಅದಕ್ಕೇ ಬಾಳೆಹಣ್ಣು ಎಲ್ಲರ ಬಾಯಲ್ಲೂ ಇದೆ. ನಿಮ್ಮ ಡಬ್ಬಿಯಲ್ಲಿರುವ ಹುರುಳಿ ಅದಕ್ಕಿಂತ ದೊಡ್ಡ ಸಾಹುಕಾರ. 100 ಗ್ರಾಂ ಹುರುಳಿಕಾಳಲ್ಲಿ 1000 ಮಿಲಿಗ್ರಾಂ ದಾಟುತ್ತದೆ. ತೊಗರಿಬೇಳೆ, ಹೆಸರುಕಾಳು ಕೂಡ ಅದೇ ಸಾಲಿನವು.

ನಿಮ್ಮ ಒಂದು ದಿನದ ಊಟವನ್ನೇ ತೂಗಿ ನೋಡೋಣ. ಎರಡು ಹೊತ್ತು ಸೇರಿ ಎರಡು ಮುದ್ದೆ ಅಂದರೆ 150 ಗ್ರಾಂ ರಾಗಿಹಿಟ್ಟು. 600 ಮಿಲಿಗ್ರಾಂ ಅಲ್ಲೇ ಬಂತು. ಸಾರಿಗೆ ಒಬ್ಬರ ಪಾಲಿಗೆ 50 ಗ್ರಾಂ ಕಾಳು ಹಿಡಿಯಿರಿ, ಇನ್ನೊಂದು 500. ದಂಟಿನ ಸೊಪ್ಪೋ ಕೀರೆ ಸೊಪ್ಪೋ ಒಂದು ದೊಡ್ಡ ಹಿಡಿ, 100 ಗ್ರಾಂ, ಮತ್ತೆ 500ರ ಹತ್ತಿರ. ಕಾಫಿಗೆ ಹಾಕಿದ ಹಾಲು, ಊಟದ ಮೊಸರು ಸೇರಿ ಎರಡು ಲೋಟ ಆದರೆ 600. ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 200. ಸಾರಿಗೆ ರುಬ್ಬಿದ ಕಾಯಿ, ಈರುಳ್ಳಿ, ಟೊಮೆಟೊ, ಹುಣಸೆಹಣ್ಣು ಎಲ್ಲಾ ಸೇರಿ 300 ಅನ್ನಿ. ಒಂದು ಆಲೂಗೆಡ್ಡೆ ಪಲ್ಯ 400. ಸ್ವಲ್ಪ ಅನ್ನ, 100. ಕೂಡಿಸಿದರೆ 3200 ಆಯಿತು. ಬಾಳೆಹಣ್ಣು ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ. ಸಂತೆಯಿಂದ ತಂದ ಪಚ್ಚಬಾಳೆ ಒಂದು ತಿಂದರೆ ಮುಗಿಯಿತು.

ಇದು ತಕ್ಕಡಿಯ ಲೆಕ್ಕವಲ್ಲ, ಕೈ ಅಂದಾಜು. ಒಂದು ದಿನ ಕಡಿಮೆಯಾದರೆ ಏನೂ ಆಗಲ್ಲ.

ಈಗ ಮುಖ್ಯ ವಿಷಯ. ಪೊಟ್ಯಾಸಿಯಂ ಬೆಂಕಿಗೆ ಸುಟ್ಟು ಹೋಗುವ ವಸ್ತು ಅಲ್ಲ. ಅದು ನೀರಿಗೆ ಇಳಿಯುತ್ತದೆ. ಸೊಪ್ಪು, ಕಾಳು ಬೇಯಿಸಿದಾಗ ಅದು ಎಲ್ಲಿ ಹೋಯಿತು ಅಂದರೆ, ಪಾತ್ರೆಯ ನೀರಲ್ಲೇ ಇದೆ. ಆ ನೀರು ಬಸಿದು ಚೆಲ್ಲಿದರೆ ಚೆಲ್ಲಿ ಹೋಯಿತು. ಸಾರು ಮಾಡಿದರೆ ಹೊಟ್ಟೆಗೆ ಬಂತು. ನಮ್ಮ ಕಡೆಯ ಬಸ್ಸಾರು ನೋಡಿ. ಕಾಳು ಸೊಪ್ಪು ಬೇಯಿಸಿ ಬಸಿಯುತ್ತೇವೆ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಒಂದು ಹನಿಯೂ ಹೊರಗೆ ಹೋಗಲ್ಲ. ಉಪ್ಸಾರು, ಹುರುಳಿ ಕಟ್ಟಿನ ಸಾರು, ಮಸೊಪ್ಪು ಎಲ್ಲವೂ ಹೀಗೇ. ಇತ್ತೀಚೆಗೆ ಕೆಲವು ಮನೆಗಳಲ್ಲಿ ಸೊಪ್ಪು ಬೇಯಿಸಿದ ನೀರನ್ನು ಸಿಂಕಿಗೆ ಸುರಿದು, ಹಸಿರು ಬಣ್ಣ ಉಳಿಯಲಿ ಅಂತ ತಣ್ಣೀರು ಬೇರೆ ಹಾಕಿ ತೊಳೆಯುತ್ತಾರೆ. ಬಣ್ಣ ಉಳಿಯುತ್ತದೆ, ನಿಜ.

ಅಂದಮಾತ್ರಕ್ಕೆ ನಮ್ಮ ಅಜ್ಜಿಯರಿಗೆ ಎಲ್ಲಾ ಗೊತ್ತಿತ್ತು ಅಂತ ನಾನು ಹೇಳಲ್ಲ. ನಮ್ಮವ್ವ ಮಂಡ್ಯ ಕಡೆಯ ಹಳ್ಳಿಯವಳು. ದಿನ ಬಿಟ್ಟು ದಿನ ಬಸ್ಸಾರು ಮಾಡುತ್ತಿದ್ದಳು. ಕಟ್ಟು ಚೆಲ್ಲಿದರೆ ಬೈಯುತ್ತಿದ್ದಳು. ಆದರೆ ಅದೇ ಸಾರಿಗೆ ಹರಳುಪ್ಪು ಹಿಡಿಗಟ್ಟಲೆ ಹಾಕುತ್ತಿದ್ದಳು, ಜೊತೆಗೆ ತಟ್ಟೆ ತುದಿಯಲ್ಲಿ ಉಪ್ಪಿನಕಾಯಿ, ಹಪ್ಪಳ. ಬಿಪಿ ಇದೆ ಅಂತ ಗೊತ್ತಾದ ಮೇಲೂ ಬಿಡಲಿಲ್ಲ. 61ಕ್ಕೆ ಲಕ್ವ ಹೊಡೆಯಿತು. ಪೊಟ್ಯಾಸಿಯಂ ಒಳಗೆ ಹೋದಾಗ ಮೂತ್ರಪಿಂಡ ಸೋಡಿಯಂ ಅನ್ನು ಹೆಚ್ಚಾಗಿ ಹೊರಗೆ ಹಾಕುತ್ತದೆ, ರಕ್ತನಾಳ ಸ್ವಲ್ಪ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ. ಸರಿ. ಆದರೆ ಒಂದು ಕಡೆಯಿಂದ ಹೊರಗೆ ಹಾಕುತ್ತಿರುವಾಗ ಇನ್ನೊಂದು ಕಡೆಯಿಂದ ಹಿಡಿಗಟ್ಟಲೆ ಸುರಿದರೆ ಮೂತ್ರಪಿಂಡ ಪಾಪ ಎಷ್ಟು ಅಂತ ಮಾಡುತ್ತದೆ? ಉಪ್ಪು ಇಡೀ ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿಯದ್ದೂ ಅದರಲ್ಲೇ ಸೇರಬೇಕು.

ಇನ್ನೊಂದು. ಮುದ್ದೆ ಬಿಟ್ಟು ಪೂರ್ತಿ ಅನ್ನಕ್ಕೆ ಹೋಗಬೇಡಿ. 100 ಗ್ರಾಂ ರಾಗಿಯಲ್ಲಿ 400ಕ್ಕೂ ಹೆಚ್ಚು ಪೊಟ್ಯಾಸಿಯಂ ಇದ್ದರೆ ಬಿಳಿ ಅಕ್ಕಿಯಲ್ಲಿ 100ರ ಆಸುಪಾಸು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಬನ್ನು, ರಾತ್ರಿ ಮತ್ತೆ ಅನ್ನ ಅಂತ ನಡೆಸುವ ಮನೆಗಳಲ್ಲಿ ಪೊಟ್ಯಾಸಿಯಂ ನಿಜವಾಗಿಯೂ ಕೊರತೆ ಆಗುತ್ತದೆ. ಇವು ಹೆಚ್ಚಾಗಿ ಪೇಟೆಯ ಮನೆಗಳು, ದುಡ್ಡಿಗೆ ಕೊರತೆ ಇಲ್ಲದ ಮನೆಗಳು.

ಪ್ರಶ್ನೆ: ಬಿಪಿಗೆ ಮಾತ್ರೆ ತಗೊಳ್ಳುತ್ತೇನೆ, ಅದರಲ್ಲಿ ನೀರು ಹೋಗುವ ಮಾತ್ರೆಯೂ ಸೇರಿದೆ. ರಾತ್ರಿ ಮೀನಖಂಡ ಹಿಡಿದುಕೊಂಡು ಜೀವ ಹೋಗುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 3.2 ಬಂತು. ಡಾಕ್ಟರು ಸಿರಪ್ ಕೊಟ್ಟಿದ್ದಾರೆ. ಅದರ ರುಚಿ ದೇವರೇ ಬಲ್ಲ. ಅದನ್ನು ಬಿಟ್ಟು ದಿನಾ ಎರಡು ಎಳನೀರು ಕುಡಿದರೆ ಸಾಲದಾ?
– ನಿವೃತ್ತ ಬಸ್ ಕಂಡಕ್ಟರ್, 63 ವರ್ಷ, ದಾವಣಗೆರೆ

ಉತ್ತರ: ನೀವು ಟಿಕೆಟ್ ಲೆಕ್ಕ ಹಾಕಿದವರು, ಲೆಕ್ಕದಲ್ಲೇ ಹೇಳುತ್ತೇನೆ. ಈ ಸಿರಪ್ಪುಗಳಲ್ಲಿ ಸಾಮಾನ್ಯವಾಗಿ 15 ಮಿಲಿಗೆ 780 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಒಳ್ಳೆ ನೀರಿರುವ ಎಳನೀರಲ್ಲಿ 500ರಿಂದ 700 ಸಿಗಬಹುದು. ಕಾಗದದ ಮೇಲೆ ನೀವೇ ಗೆದ್ದಿರಿ. ಆದರೂ ಸಿರಪ್ ಬಿಡಬೇಡಿ.

ಒಂದು ಕಾರಣ, ಎಳನೀರಿಗೆ ಅಳತೆ ಇಲ್ಲ. ಗಂಜಿ ಬಂದದ್ದು, ಬಾರದ್ದು, ಚಿಕ್ಕದು, ದೊಡ್ಡದು, ಒಂದೊಂದರಲ್ಲಿ ಒಂದೊಂದು ಥರ. ಸಿರಪ್ಪಿಗೆ ಅಳತೆ ಇದೆ. ಅದನ್ನು ನೋಡಿಕೊಂಡು ಡಾಕ್ಟರು ಹೆಚ್ಚು ಕಡಿಮೆ ಮಾಡುತ್ತಾರೆ. ಇನ್ನೊಂದು ಕಾರಣ, ನೀರು ಹೋಗುವ ಮಾತ್ರೆ ಪೊಟ್ಯಾಸಿಯಂ ಒಂದನ್ನೇ ಹೊರಗೆ ಹಾಕಲ್ಲ, ಕ್ಲೋರೈಡ್ ಅನ್ನೂ ಹಾಕುತ್ತದೆ. ಸಿರಪ್ಪಿನಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್. ಎರಡೂ ಒಟ್ಟಿಗೆ ವಾಪಸ್ ಬಂದರೆ ಮೈಯಲ್ಲಿ ನಿಲ್ಲುತ್ತದೆ. ಹಣ್ಣು ತರಕಾರಿಯಲ್ಲಿ ಪೊಟ್ಯಾಸಿಯಂ ಹೆಚ್ಚಾಗಿ ಬೇರೆ ಜೊತೆಗಾರರೊಂದಿಗೆ ಇರುತ್ತದೆ. ಕೊರತೆ ಬಾರದ ಹಾಗೆ ನೋಡಿಕೊಳ್ಳುವುದಕ್ಕೆ ಊಟ ಒಳ್ಳೆಯದು. ಬಿದ್ದ ಕೊರತೆಯನ್ನು ಬೇಗ ತುಂಬಿಸುವುದಕ್ಕೆ ಔಷಧಿಯೇ ಸರಿ.

ರುಚಿಗೆ ಒಂದು ಉಪಾಯ. ಹಾಗೇ ಕುಡಿಯಬೇಡಿ, ಹೊಟ್ಟೆ ಉರಿಯುತ್ತದೆ. ದೊಡ್ಡ ಲೋಟ ತಣ್ಣನೆ ನೀರಿಗೆ ಬೆರೆಸಿ, ಊಟ ಆದ ಮೇಲೆ, ನಿಧಾನವಾಗಿ ಕುಡಿಯಿರಿ. ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬರು ಕಿತ್ತಳೆ ರಸಕ್ಕೆ ಬೆರೆಸಿಕೊಂಡು ಕುಡಿಯುತ್ತಿದ್ದರು. ನಿಮಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಮಾಡಿ ನೋಡಿ.

ಡಾಕ್ಟರ ಹತ್ತಿರ ಮುಂದಿನ ಸಲ ಹೋದಾಗ ಎರಡು ವಿಷಯ ಕೇಳಿ. ಮೆಗ್ನೀಸಿಯಂ ನೋಡಿಸಬೇಕಾ ಅಂತ ಒಂದು. ಅದು ಕಡಿಮೆ ಇದ್ದರೆ ಎಷ್ಟು ಪೊಟ್ಯಾಸಿಯಂ ಸುರಿದರೂ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ನೀರು ಹೋಗುವ ಮಾತ್ರೆಯನ್ನು ಬದಲಿಸಬಹುದಾ, ಪ್ರಮಾಣ ಇಳಿಸಬಹುದಾ ಅಂತ ಇನ್ನೊಂದು. ಪೊಟ್ಯಾಸಿಯಂ ಹಿಡಿದಿಟ್ಟುಕೊಳ್ಳುವ ಬೇರೆ ಮಾತ್ರೆಗಳೂ ಇವೆ. ಹಾಗೆ ಮಾತ್ರೆ ಬದಲಾದ ದಿನ ಸಿರಪ್ ಮುಂದುವರಿಸಬೇಕಾ ಬೇಡವಾ ಅಂತ ಬಾಯಿಬಿಟ್ಟು ಕೇಳಿ. ಮಾತ್ರೆ ಬದಲಾಗಿದೆ, ಸಿರಪ್ ಮಾತ್ರ ಹಳೇ ಚೀಟಿ ಹಿಡಿದು ತಿಂಗಳುಗಟ್ಟಲೆ ನಡೆಯುತ್ತಲೇ ಇದೆ ಅನ್ನುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಆಗ 3.2 ಇದ್ದದ್ದು ಇನ್ನೊಂದು ತುದಿಗೆ ಹೋಗಿ ಕೂರುತ್ತದೆ. ರಕ್ತದಲ್ಲಿ ಅದು ಇರಬೇಕಾದದ್ದು 3.5ರಿಂದ 5ರ ಒಳಗೆ. ಬಹಳ ಸಣ್ಣ ಜಾಗ ಅದು.

ಅಂದಹಾಗೆ, ಮೀನಖಂಡ ಹಿಡಿಯುವುದೆಲ್ಲಾ ಪೊಟ್ಯಾಸಿಯಂ ಕೊರತೆ ಅಲ್ಲ. ನಿಮಗೆ ಪರೀಕ್ಷೆಯಲ್ಲಿ ಗೊತ್ತಾಯಿತು. ಪರೀಕ್ಷೆ ಮಾಡಿಸದೆ "ಕಾಲು ಹಿಡಿಯುತ್ತದೆ, ಸಿರಪ್ ಕೊಡಿ" ಅಂತ ಮೆಡಿಕಲ್ ಶಾಪಿಗೆ ಹೋಗುವವರಿಗೆ ಈ ಮಾತು.

ಪ್ರಶ್ನೆ: ನಮ್ಮ ಅತ್ತೆಗೆ 70 ವರ್ಷ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟಿದೆ, ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಸೋತಿದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ) 3 ಇದೆ, ಡಯಾಲಿಸಿಸ್ ಇನ್ನೂ ಇಲ್ಲ. ಪೊಟ್ಯಾಸಿಯಂ 5.8 ಬಂದಿದೆ. ಎಳನೀರು, ಸೊಪ್ಪು ಬೇಡ ಅಂದಿದ್ದಾರೆ. ನೋಡಲು ಬಂದವರೆಲ್ಲಾ ಎಳನೀರೇ ತರುತ್ತಾರೆ. ನಾನು ಕೊಡದಿದ್ದರೆ, "ಪೊಟ್ಯಾಸಿಯಂ ಒಳ್ಳೆಯದು ಅಂತ ಪತ್ರಿಕೆಯಲ್ಲೇ ಬಂದಿದೆ, ನೀನು ಉಪವಾಸ ಕೆಡವುತ್ತಿದ್ದೀಯ" ಅನ್ನುತ್ತಾರೆ. ಏನು ಅಡುಗೆ ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಆ ಪತ್ರಿಕೆಯಲ್ಲಿ ಬರೆದವಳು ನಾನೇ. ಈ ಪುಟವನ್ನು ಅತ್ತೆಯ ಮುಂದೆ ಇಡಿ. ಅಮ್ಮಾ, ನಿಮ್ಮ ಸೊಸೆ ಮಾಡುತ್ತಿರುವುದು ಸರಿ. ಆ ಸಾಲು ನಿಮಗೆ ಬರೆದದ್ದಲ್ಲ.

ಒಂದು ಹಳೇ ವಿಷಯ ಹೇಳಬೇಕು. ಡಯಟಿಷಿಯನ್ ಆಗಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ಆಸ್ಪತ್ರೆ ಊಟ ಸೇರುತ್ತಿರಲಿಲ್ಲ, ತಟ್ಟೆ ಹಾಗೇ ವಾಪಸ್ ಬರುತ್ತಿತ್ತು. ಏನು ಬೇಕು ಅಜ್ಜ ಅಂದರೆ, "ಹುರುಳಿ ಕಟ್ಟಿನ ಸಾರು ಮಗಾ" ಅಂದರು. ನಮ್ಮವ್ವನ ಸಾರು ನೆನಪಾಯಿತು. ಅಡುಗೆಯವರನ್ನು ಒಪ್ಪಿಸಿ ಮೂರು ದಿನ ಮಾಡಿಸಿ ಕೊಟ್ಟೆ. ಅಜ್ಜ ಲೋಟದಲ್ಲಿ ಹಾಕಿಸಿಕೊಂಡು ಕುಡಿದರು. ನಾನು ಹಿಗ್ಗಿದ್ದೇ ಹಿಗ್ಗಿದ್ದು. ಕೇಸ್ ಶೀಟಿನಲ್ಲಿ ಕ್ರಿಯಾಟಿನಿನ್ ಬರೆದದ್ದನ್ನು ನಾನು ನೋಡಿಯೇ ಇರಲಿಲ್ಲ. ನಾಲ್ಕನೇ ದಿನ ಪೊಟ್ಯಾಸಿಯಂ 6.4. ಇಸಿಜಿ ಗೆರೆ ಮೊನಚಾಗಿ ಡೇರೆಯ ಹಾಗೆ ಎದ್ದು ನಿಂತಿತ್ತು. ಕ್ಯಾಲ್ಸಿಯಂ ಇಂಜೆಕ್ಷನ್, ಇನ್ಸುಲಿನ್ ಜೊತೆ ಗ್ಲೂಕೋಸ್, ಓಡಾಟವೋ ಓಡಾಟ. ಅಜ್ಜ ಉಳಿದರು. ದೊಡ್ಡ ಡಾಕ್ಟರು ನನ್ನನ್ನು ಬೈಯಲಿಲ್ಲ. ಆ ಇಸಿಜಿ ಕಾಗದವನ್ನು ಕೈಗೆ ಕೊಟ್ಟು, "ಇಟ್ಟುಕೋ" ಅಂದರು ಅಷ್ಟೇ. ಸಾರು ಒಂದೇ ಕಾರಣವಲ್ಲ, ಅಜ್ಜನ ಮಾತ್ರೆಗಳದ್ದೂ ಪಾತ್ರ ಇತ್ತು ಅಂತ ಆಮೇಲೆ ಗೊತ್ತಾಯಿತು. ಆದರೂ ಅವತ್ತಿಂದ ಕ್ರಿಯಾಟಿನಿನ್ ಕೇಳದೆ ಯಾರಿಗೂ ಕಟ್ಟು ಕುಡಿಯಿರಿ ಅಂದವಳಲ್ಲ, ಹೋದ ತಿಂಗಳ ಆ ಸಾಲು ಒಂದು ಬಿಟ್ಟು.

ನಾವು ತಿಂದ ಪೊಟ್ಯಾಸಿಯಂನಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಹೊರಗೆ ಹಾಕುವುದು ಮೂತ್ರಪಿಂಡ. ಅದು ಸೋತರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸುತ್ತದೆ. ನೋವಿಲ್ಲ, ಜ್ವರ ಇಲ್ಲ. ಬಹಳ ಸಲ ಏನೂ ಸೂಚನೆ ಇಲ್ಲದೆ ಏರುತ್ತದೆ. ಅದಕ್ಕೇ ಡಾಕ್ಟರು ಹೇಳಿದ ದಿನ ರಕ್ತ ಕೊಡುವುದನ್ನು ತಪ್ಪಿಸಬೇಡಿ. 6 ದಾಟಿದರೆ, ಅಥವಾ ಕೈಕಾಲು ಸೋತು ಎದೆ ಡವಡವ ಅಂದರೆ, ಅಡುಗೆಯಲ್ಲಿ ಸರಿ ಮಾಡಲು ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ಅಡುಗೆ. ಮೇಲಿನ ಚನ್ನರಾಯಪಟ್ಟಣದವರಿಗೆ ಹೇಳಿದ್ದನ್ನೆಲ್ಲಾ ನೀವು ತಿರುಗಿಸಿ ಮಾಡಿ. ಕಟ್ಟು ಚೆಲ್ಲಿ. ಆಲೂಗೆಡ್ಡೆಯೋ ಸುವರ್ಣಗಡ್ಡೆಯೋ ಮಾಡಲೇಬೇಕಾದರೆ ಸಿಪ್ಪೆ ತೆಗೆದು ಸಣ್ಣದಾಗಿ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದು, ಆಮೇಲೆ ಒಗ್ಗರಣೆ ಹಾಕಿ. ಸುಮಾರು ಅರ್ಧದಷ್ಟು ಪೊಟ್ಯಾಸಿಯಂ ನೀರಿನ ಜೊತೆ ಹೋಗುತ್ತದೆ. ರಾತ್ರಿಯೆಲ್ಲಾ ತಣ್ಣೀರಲ್ಲಿ ನೆನೆಸಿಟ್ಟರೆ ಸಾಕು ಅಂತ ಹೇಳುವವರಿದ್ದಾರೆ. ಸಾಲದು, ಕುದಿಯಬೇಕು. ಬೇಳೆಯನ್ನೂ ಕುಕ್ಕರಿನಲ್ಲಿ ಕೂಗಿಸುವ ಬದಲು ತೆರೆದ ಪಾತ್ರೆಯಲ್ಲಿ ಬೇಯಿಸಿ, ನೀರು ಬಸಿದುಬಿಡಿ. ಬೇಳೆ ಎಷ್ಟು ಹಾಕಬಹುದು ಅನ್ನುವುದನ್ನು ಡಾಕ್ಟರೇ ಹೇಳಬೇಕು, ಪ್ರೋಟೀನಿನ ಲೆಕ್ಕ ಬೇರೆ ಇರುತ್ತದೆ.

ತರಕಾರಿಯಲ್ಲಿ ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ, ಎಲೆಕೋಸು ನಿಮಗೆ ಆಗಿಬರುತ್ತವೆ. ರಾಗಿಗಿಂತ ಬಿಳಿ ಅನ್ನ ವಾಸಿ. ಇದನ್ನು ಬರೆಯಲು ನನಗೇ ಕಷ್ಟವಾಗುತ್ತದೆ, ಆದರೆ ಅದೇ ನಿಜ. ಅಳತೆ ಮಾತ್ರ ಸಕ್ಕರೆ ಕಾಯಿಲೆ ನೋಡಿಕೊಂಡು. ಹಣ್ಣಿನಲ್ಲಿ ಸೇಬು ದಿನಕ್ಕೆ ಒಂದು ಚಿಕ್ಕದು ಕೊಡಿ. ಸೇಬು ಅಂದೆ, ಸೀಬೆ ಅಲ್ಲ! ಸೀಬೆಯಲ್ಲಿ ಪೊಟ್ಯಾಸಿಯಂ ಸೇಬಿನ ಎರಡರಷ್ಟಕ್ಕೂ ಮೇಲಿದೆ. ಫೋನಿನಲ್ಲಿ ಒಮ್ಮೆ ಹೀಗೇ ಅಪಾರ್ಥ ಆಗಿತ್ತು. ಕರ್ಜೂರ, ಒಣದ್ರಾಕ್ಷಿ, ಹಣ್ಣಿನ ರಸ, ಬೆಲ್ಲ ಬೇಡ. ಬಾಳೆದಿಂಡಿನ ರಸ ಕಿಡ್ನಿಗೆ ಒಳ್ಳೆಯದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರು ಹೇಳುವುದು ಕಲ್ಲಿನ ತೊಂದರೆಗೆ. ನಿಮ್ಮ ಅತ್ತೆಗೆ ಅದು ಬೇಡವೇ ಬೇಡ.

ಊಟದ ಆಚೆಗೆ ಮೂರು ಮಾತು. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ಕಿಡ್ನಿ ಸೋತಾಗ ಕರುಳೂ ಸ್ವಲ್ಪ ಪೊಟ್ಯಾಸಿಯಂ ಹೊರಗೆ ಹಾಕುತ್ತಿರುತ್ತದೆ. ಮಂಡಿನೋವಿಗೆ ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ. ಮತ್ತೆ ಅವರ ಬಿಪಿ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ ತೋರಿಸಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಥರದವು ಪೊಟ್ಯಾಸಿಯಂ ಏರಿಸುತ್ತವೆ. ಅವೇ ಕಿಡ್ನಿಯನ್ನೂ ಹೃದಯವನ್ನೂ ಕಾಪಾಡುವ ಮಾತ್ರೆಗಳೂ ಹೌದು. ಹಾಗಾಗಿ ನೀವಾಗಿ ನಿಲ್ಲಿಸಬೇಡಿ, ಡಾಕ್ಟರು ತೂಗಿ ನೋಡಲಿ.

ಎಳನೀರು ತಂದವರಿಗೆ ಒಂದು ಕೆಲಸ ಮಾಡಿ. ಅಲ್ಲೇ ಕೊಚ್ಚಿ ಅವರಿಗೇ ಕುಡಿಸಿ ಕಳಿಸಿ. ಬಿಸಿಲಲ್ಲಿ ಬಂದಿರುತ್ತಾರೆ.

ಪ್ರಶ್ನೆ: ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಅಂಗಡಿಯಲ್ಲಿ ಸಿಗುತ್ತದಲ್ಲಾ, ಅದು ನಿಜವಾಗಿ ಪ್ರಯೋಜನವಾ, ಸುಮ್ನೆ ದುಡ್ಡು ಕೀಳುವುದಾ?
– ಶಾಲಾ ಶಿಕ್ಷಕ, ಧಾರವಾಡ

ಉತ್ತರ: ಪ್ರಯೋಜನವೇ. ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರಿಗೆ ಇದನ್ನು ಪರೀಕ್ಷೆ ಮಾಡಿದರು. ಮೊದಲೇ ಲಕ್ವ ಹೊಡೆದವರು, ಇಲ್ಲವೇ 60 ದಾಟಿ ಬಿಪಿ ಇದ್ದವರು. ಅರ್ಧ ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಕೊಟ್ಟು ಸುಮಾರು ಐದು ವರ್ಷ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಆ ಹಳ್ಳಿಗಳಲ್ಲಿ ಲಕ್ವ ಶೇಕಡಾ 14ರಷ್ಟು ಕಡಿಮೆ. ನಮ್ಮಲ್ಲೂ ಉಪ್ಪು ಹೆಚ್ಚಾಗಿ ಮನೆಯ ಒಲೆ ಮೇಲೇ ಬೀಳುವುದರಿಂದ ಇದು ನಮಗೂ ಹೊಂದುತ್ತದೆ.

ಆದರೆ ಉಪ್ಪಿನ ಡಬ್ಬಿ ಮನೆಗೆ ಒಂದೇ ಅಲ್ವಾ? ಅದೇ ತೊಂದರೆ. ಮನೆಯಲ್ಲಿ ಕಿಡ್ನಿ ತೊಂದರೆ ಇರುವವರು, ಮೇಲೆ ಹೇಳಿದ ಪೊಟ್ಯಾಸಿಯಂ ಏರಿಸುವ ಮಾತ್ರೆ ತಗೊಳ್ಳುವವರು ಇದ್ದರೆ ಡಾಕ್ಟರನ್ನು ಕೇಳದೆ ತರಬೇಡಿ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪನ್ನು ಬಳಸಬಹುದು ಅಂತ ಸಲಹೆ ಕೊಟ್ಟಾಗಲೂ ಕಿಡ್ನಿ ತೊಂದರೆಯವರು, ಮಕ್ಕಳು, ಗರ್ಭಿಣಿಯರನ್ನು ಅದರಿಂದ ಹೊರಗೆ ಇಟ್ಟಿದೆ. ಮತ್ತೆ ಸೈಂಧವ ಲವಣ ಇದಲ್ಲ. ಅದು ಗುಲಾಬಿ ಬಣ್ಣದ ಸೋಡಿಯಂ, ಅಷ್ಟೇ.

ಪ್ರಶ್ನೆ: ಮಗುವಿಗೆ ಭೇದಿ ಆದಾಗ ಎಳನೀರು ಕೊಟ್ಟರೆ ಸಾಕಾ, ಓಆರ್‌ಎಸ್ ಬೇಕೇ ಬೇಕಾ?
– ತಾಯಿ, 29 ವರ್ಷ, ಹೊಸಪೇಟೆ

ಉತ್ತರ: ಓಆರ್‌ಎಸ್ ಬೇಕೇ ಬೇಕು. ಭೇದಿಯಲ್ಲಿ ಪೊಟ್ಯಾಸಿಯಂ ಜೊತೆ ಸೋಡಿಯಂ ಬಹಳ ಹೋಗುತ್ತದೆ. ಎಳನೀರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಓಆರ್‌ಎಸ್ ಪುಡಿಯಲ್ಲಿ ಎರಡೂ ಅಳೆದು ಹಾಕಿರುತ್ತಾರೆ, ಲೀಟರಿಗೆ ಒಂದೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಅದರಲ್ಲೇ ಇದೆ. ಲೀಟರಿನ ಪೊಟ್ಟಣವನ್ನು ಲೀಟರಿಗೇ ಹಾಕಿ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕುವವರನ್ನು ನೋಡಿ ನೋಡಿ ಸಾಕಾಗಿದೆ. ಹೆಸರಲ್ಲಿ ಓಆರ್‌ಎಸ್ ಥರ ಕೇಳಿಸುವ ಸಿಹಿ ಡಬ್ಬಿ ಪಾನೀಯ ಬೇರೆ, ಇದು ಬೇರೆ. ಮಗು ಕಣ್ಣು ಒಳಗೆ ಹೋಗಿ ಮಂಕಾದರೆ, ಮೂತ್ರ ನಿಂತರೆ ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ನನಗೆ ಯಾವ ಕಾಯಿಲೆಯೂ ಇಲ್ಲ, ಮಾತ್ರೆಯೂ ಇಲ್ಲ. ಹೆಲ್ತ್ ಚೆಕಪ್ಪಿನಲ್ಲಿ ಪೊಟ್ಯಾಸಿಯಂ 5.7 ಬಂತು. ಡಾಕ್ಟರು ಮತ್ತೆ ಮಾಡಿಸಿ ಅಂದರು, ಆಗ 4.3. ಯಾವುದನ್ನು ನಂಬಲಿ?
– ಐಟಿ ಉದ್ಯೋಗಿ, 34 ವರ್ಷ, ಬೆಂಗಳೂರು

ಉತ್ತರ: ಎರಡನೆಯದನ್ನು. ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ಶೇಕಡಾ 98 ಇರುವುದು ಜೀವಕೋಶಗಳ ಒಳಗೆ. ರಕ್ತ ತೆಗೆಯುವಾಗ ಪಟ್ಟಿ ಬಿಗಿಯಾಗಿ ಬಹಳ ಹೊತ್ತು ಕಟ್ಟಿದರೆ, ಮುಷ್ಟಿ ಬಿಗಿಹಿಡಿದು ಬಿಟ್ಟು ಮಾಡಿಸಿದರೆ, ಟ್ಯೂಬನ್ನು ಕುಲುಕಿದರೆ, ಸ್ನಾಯುವಿನಿಂದ ಸೋರಿಯೋ ರಕ್ತಕಣ ಒಡೆದೋ ಒಳಗಿನದು ಹೊರಗೆ ಬರುತ್ತದೆ. ಯಂತ್ರ ಅದನ್ನೇ ಓದುತ್ತದೆ. ನಿಮ್ಮ ಡಾಕ್ಟರು ಗಾಬರಿ ಬೀಳದೆ ಮತ್ತೆ ಮಾಡಿಸಿದ್ದು ಒಳ್ಳೆಯದಾಯಿತು. ಮೊದಲನೇ ರಿಪೋರ್ಟ್ ನೋಡಿ ಬಾಳೆಹಣ್ಣು ಬಿಟ್ಟಿದ್ದರೆ ಮತ್ತೆ ಶುರು ಮಾಡಿ.

ಪ್ರಶ್ನೆ: ಬಾಳೆಗೆ, ತೆಂಗಿಗೆ ನಾವು ಮೂಟೆಗಟ್ಟಲೆ ಪೊಟ್ಯಾಷ್ ಹಾಕುತ್ತೇವೆ. ನೀವು ಹೇಳುವ ಪೊಟ್ಯಾಸಿಯಂ ಅದೇನಾ?
– ರೈತ, ಮದ್ದೂರು ತಾಲ್ಲೂಕು

ಉತ್ತರ: ಅದೇ ಸ್ವಾಮಿ. ನೀವು ತರುವ ಎಂಓಪಿ ಮೂಟೆಯಲ್ಲಿ ಇರುವುದು ಪೊಟ್ಯಾಸಿಯಂ ಕ್ಲೋರೈಡ್. ದಾವಣಗೆರೆಯವರ ಸಿರಪ್ಪಿನಲ್ಲಿರುವುದೂ ಅದೇ, ಧಾರವಾಡದ ಮೇಷ್ಟ್ರ ಉಪ್ಪಿನಲ್ಲಿರುವುದೂ ಅದೇ. ಶುದ್ಧ ಮಾಡಿರುತ್ತಾರೆ ಅನ್ನುವುದೇ ವ್ಯತ್ಯಾಸ. ಮೂಟೆಯದನ್ನು ಯಾರೂ ನೆಕ್ಕಬೇಡಿ ಮತ್ತೆ. 19:19:19 ಅಂತ ಗೊಬ್ಬರದ ಚೀಲದ ಮೇಲೆ ಇರುತ್ತದಲ್ಲಾ, ಅದರಲ್ಲಿ ಮೂರನೇ ಅಂಕಿ ಪೊಟ್ಯಾಷಿನದು.

ಹೆಸರು ಬಂದದ್ದೂ ಒಲೆಯಿಂದಲೇ. ಹಿಂದೆ ಯುರೋಪಿನಲ್ಲಿ ಕಟ್ಟಿಗೆ ಬೂದಿಯನ್ನು ನೀರಲ್ಲಿ ಕಲಸಿ, ಸೋಸಿ, ಆ ನೀರನ್ನು ಮಡಕೆಯಲ್ಲಿ ಕಾಯಿಸಿ ಬತ್ತಿಸುತ್ತಿದ್ದರು. ತಳದಲ್ಲಿ ಉಳಿದ ಬಿಳಿ ಪುಡಿಗೆ ಮಡಕೆ ಬೂದಿ ಅನ್ನುವ ಅರ್ಥದಲ್ಲಿ ಪೊಟ್ಯಾಷ್ ಅಂದರು. 1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ಪೊಟ್ಯಾಷಿನ ಮೂಲಕ ವಿದ್ಯುತ್ ಹಾಯಿಸಿ ಅದರಿಂದ ಲೋಹ ಬೇರೆ ಮಾಡಿ ಪೊಟ್ಯಾಸಿಯಂ ಅಂತ ಹೆಸರಿಟ್ಟರು. ಬೂದಿಯನ್ನು ನೀರಲ್ಲಿ ಕಲಸಿದರೆ ಅದು ನೀರಿಗೆ ಇಳಿಯುತ್ತದೆ, ನೋಡಿ. ಸೊಪ್ಪಿನ ಕಟ್ಟಿನಲ್ಲಿ ಆಗುವುದೂ ಅದೇ.

ನಿಮ್ಮ ಮನೆಯಲ್ಲಿ ಇನ್ನೂ ಸೌದೆ ಒಲೆ ಇದ್ದರೆ ಬೂದಿ ಹಾಳು ಮಾಡಬೇಡಿ, ಬಾಳೆ ಬುಡಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಬಾಳೆಗೆ ಪೊಟ್ಯಾಷ್ ಬಹಳ ಬೇಕು ಅಂತ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಗೊನೆ ಬಂದಾಗ ಒಂದು ಚಿಪ್ಪು ನಮಗೂ ಇರಲಿ. ನನ್ನ ಕ್ರಿಯಾಟಿನಿನ್ ಸದ್ಯಕ್ಕೆ ಸರಿಯಾಗಿಯೇ ಇದೆ.